ನೋಯದ ಕಿವಿಯ ಕಾಯಿಲೆ

ಕೇಳುಗರೇ, ನಮಸ್ಕಾರ. ಕಿವಿ ನೋವು ಬಂದರೆ ಯಾರೂ ಸುಮ್ಮನಿರುವುದಿಲ್ಲ, ಅರ್ಧರಾತ್ರಿಯಲ್ಲೂ ಡಾಕ್ಟರನ್ನು ಎಬ್ಬಿಸುತ್ತಾರೆ. ನಾನು ಹೇಳಲು ಬಂದಿರುವುದು ನೋಯದ ಕಿವಿಯ ವಿಚಾರ. ನೋವಿಲ್ಲ, ಜ್ವರವಿಲ್ಲ. ಆಗಾಗ ಒಂದಿಷ್ಟು ಸೋರುತ್ತದೆ, ಸೋರಿದ್ದು ಕೆಟ್ಟ ವಾಸನೆ ಬರುತ್ತದೆ. ಅಂಥ ಕಿವಿಯನ್ನು ತಜ್ಞರಿಗೆ ತೋರಿಸಿ, ತಮಟೆ, ಅಂದರೆ ಕಿವಿಯೊಳಗಿನ ತೆಳು ಪರದೆ, ನೋಡಿಸಿ.

ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಜಾಗವಿದೆ. ಅಲ್ಲಿಗೆ ಗಾಳಿ ಹೋಗುವುದು ಮೂಗಿನ ಹಿಂಭಾಗದಿಂದ, ಒಂದು ಸಣ್ಣ ನಾಳದ ಮೂಲಕ. ಘಟ್ಟ ಇಳಿಯುವಾಗ ಕಟ್ಟಿದ ಕಿವಿ ಎಂಜಲು ನುಂಗಿದೊಡನೆ ಬಿಟ್ಟುಕೊಳ್ಳುತ್ತದಲ್ಲ, ಅದು ಈ ನಾಳ ತೆರೆದದ್ದರಿಂದ. ಮಕ್ಕಳಲ್ಲಿ ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಮಾಂಸದ ಗಡ್ಡೆ ಊದಿದರೆ, ಅಲರ್ಜಿಯ ನೆಗಡಿ ಬಿಡದೆ ಕಾಡಿದರೆ ನಾಳ ಸರಿಯಾಗಿ ತೆರೆಯುವುದಿಲ್ಲ. ಒಳಗಿನ ಗಾಳಿ ಹೀರಿಹೋಗುತ್ತದೆ, ಹೊಸದು ಬರುವುದಿಲ್ಲ. ಆಗ 0.1 ಮಿಲಿಮೀಟರ್ ದಪ್ಪದ ತಮಟೆ ಒಳಕ್ಕೆ ಜಗ್ಗಿ ಗುಳಿ ಬೀಳುತ್ತದೆ. ಸತ್ತ ಚರ್ಮ ಹೊರಗೆ ಬರಲಾಗದೆ ಆ ಗುಳಿಯಲ್ಲಿ ಈರುಳ್ಳಿಯ ಹಾಗೆ ಪದರ ಪದರವಾಗಿ ಕೂಡುತ್ತದೆ. ಇದೇ ಕೊಲೆಸ್ಟಿಯಟೋಮ. ಕ್ಯಾನ್ಸರ್ ಅಲ್ಲ, ಆದರೆ ಪಕ್ಕದ ಮೂಳೆಯನ್ನು ಕರಗಿಸುತ್ತಾ ಹೋಗುತ್ತದೆ.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಒಂಬತ್ತನೇ ಕ್ಲಾಸು. ಮಳೆಗಾಲ ಬಂದರೆ ಎಡಗಿವಿ ಸೋರುತ್ತಿತ್ತು. ಅಜ್ಜಿ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟರು, ಅಪ್ಪ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದರು. ನಾಲ್ಕು ದಿನ ಕಡಿಮೆಯಾಗುವುದು, ಮತ್ತೆ ಶುರು. ವಾಸನೆಗೆ ಪಕ್ಕದ ಹುಡುಗರು ದೂರ ಸರಿದು ಕೂರುತ್ತಿದ್ದರಂತೆ. ಕರೆದರೆ ಓಗೊಡುತ್ತಿರಲಿಲ್ಲ, ಮನೆಯವರು ಅದನ್ನು ಉಡಾಫೆ ಎಂದುಕೊಂಡರು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದೇ ಕಡೆಯಿಂದ ಸುರಿಯಿತು. ಎಡಗಣ್ಣು ಮುಚ್ಚಲಿಲ್ಲ. ಆಗ ಗಾಬರಿಯಾಗಿ ಕರೆತಂದರು.

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಮಟೆಯ ಮೇಲ್ಭಾಗದಲ್ಲಿ ಗುಳಿ, ಅದರ ತುಂಬ ಬಿಳೀ ಹೊಟ್ಟು. ಕಿವಿಯೊಳಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳಿವೆ. ಅಡಿಗಲ್ಲಿನ ಬಹುಪಾಲು ಕರಗಿಹೋಗಿತ್ತು. ಮುಖದ ನರವನ್ನು ಕಾಯುವ ಮೂಳೆಯೂ ಸವೆದಿತ್ತು. ಕೂಡಲೇ ಆಪರೇಶನ್ ಮಾಡಿದೆವು. ಮುಖ ನಿಧಾನವಾಗಿ ಸರಿಹೋಯಿತು, ಕೇಳುವಿಕೆ ಪೂರ್ತಿ ಮರಳಲಿಲ್ಲ. "ಒಂದು ದಿನವೂ ನೋವು ಅನ್ನಲಿಲ್ಲವಲ್ಲ ಮೇಡಂ" ಎಂದು ಅವನಪ್ಪ ಕೇಳುತ್ತಲೇ ಇದ್ದರು. ಅದಕ್ಕೇ ಹೇಳುತ್ತಿದ್ದೇನೆ, ನೋವಿಗಾಗಿ ಕಾಯಬೇಡಿ. ವಾಸನೆ ಬಂತೆಂದರೆ ತಮಟೆ ನೋಡಿಸಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇದು ಒಳಗಿವಿಗೆ ತಾಗಿದರೆ ತಲೆಸುತ್ತು, ಮೇಲಕ್ಕೆ ಹಬ್ಬಿದರೆ ಮಿದುಳಿನಲ್ಲಿ ಕೀವು. ಡ್ರಾಪ್ಸ್ ಸೋರುವುದನ್ನು ತಗ್ಗಿಸಬಹುದು, ಗುಳಿಯೊಳಗೆ ಕೂತದ್ದನ್ನು ತೆಗೆಯಲಾರದು, ಅದಕ್ಕೆ ಆಪರೇಶನ್ನೇ ಬೇಕು. ತಮಟೆ ಜಗ್ಗಲು ಶುರುವಾದಾಗಲೇ ಬಂದರೆ ಮೂಗಿನ ತೊಂದರೆಗೆ ಚಿಕಿತ್ಸೆ ಕೊಟ್ಟು, ಬೇಕಾದರೆ ತಮಟೆಗೆ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಇಟ್ಟು ಗಾಳಿಯಾಡಿಸಬಹುದು. ಎಣ್ಣೆಯನ್ನಂತೂ ದಯವಿಟ್ಟು ಅಡುಗೆಮನೆಯಲ್ಲೇ ಇಡಿ. ಸೋರುವ ಕಿವಿಗೆ ನೀರೂ ಹೋಗಬಾರದು, ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಸವರಿದ ಹತ್ತಿ ಇಟ್ಟುಕೊಳ್ಳಿ. ಆಪರೇಶನ್ ಆದವರು ಕಿವಿ ಒಣಗಿತೆಂದು ತಪಾಸಣೆ ಬಿಡಬೇಡಿ, ಇದು ಸದ್ದಿಲ್ಲದೆ ಮತ್ತೆ ಬೆಳೆಯಬಲ್ಲದು. ನಮಸ್ಕಾರ.