ರಾಕೆಟ್ಟಿನ ಕೆಳಗಿನ ಕಾಂಕ್ರೀಟು

(ಎಂಜಿನಿಯರುಗಳ ದಿನಾಚರಣೆಯಂದು ಚಿತ್ರದುರ್ಗದಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಮಾನ್ಯ ಅಧ್ಯಕ್ಷರೆ, ವೇದಿಕೆಯ ಮೇಲಿರುವ ಹಿರಿಯರೆ, ಲೋಕೋಪಯೋಗಿ ಮತ್ತು ಜಲಸಂಪನ್ಮೂಲ ಇಲಾಖೆಗಳ ಮಿತ್ರರೆ, ಗುತ್ತಿಗೆದಾರ ಬಂಧುಗಳೆ, ಹಾಗೂ ಹಾಜರಾತಿಯ ಸಲುವಾಗಿಯಾದರೂ ಹಿಂದಿನ ಸಾಲುಗಳನ್ನು ತುಂಬಿರುವ ವಿದ್ಯಾರ್ಥಿಗಳೆ,

ಸಂಘಟಕರು ನನಗೆ ಕೊಟ್ಟ ವಿಷಯ ‘ಕಟ್ಟಡ ನಿರ್ಮಾಣಕ್ಕೆ ಬಾಹ್ಯಾಕಾಶ ವಿಜ್ಞಾನದ ಕೊಡುಗೆಗಳು’. ಈ ಶೀರ್ಷಿಕೆಯ ಬಗ್ಗೆ ನನಗೊಂದು ತಕರಾರಿದೆ. ಮೇಲಿನವರು ಕೊಡುತ್ತಾರೆ, ಕೆಳಗಿನವರು ಕೈಯೊಡ್ಡಿ ಪಡೆಯುತ್ತಾರೆ ಎಂಬ ಧ್ವನಿ ಅದರಲ್ಲಿದೆ. ರಾಕೆಟ್ ಹಾರಿದ ದಿನ ಟಿ.ವಿ.ಯಲ್ಲಿ ಕಾಣುವುದು ನಿಯಂತ್ರಣ ಕೊಠಡಿ; ಅದು ಯಾವ ನೆಲದ ಮೇಲೆ ನಿಂತಿತ್ತು, ಆ ನೆಲದ ಪಾಯವನ್ನು ಯಾರು ಹಾಕಿದರು ಎಂದು ಯಾರೂ ಕೇಳುವುದಿಲ್ಲ. ಈ ಎರಡು ಉದ್ಯೋಗಗಳ ನಡುವೆ ಅರುವತ್ತು ಎಪ್ಪತ್ತು ವರ್ಷಗಳಿಂದ ಕೊಟ್ಟು ತೆಗೆದುಕೊಳ್ಳುವ ಖಾತೆಯೊಂದು ನಡೆದುಬಂದಿದ್ದು, ಅದರಲ್ಲಿ ನಮ್ಮ ಕಡೆಯ ಜಮೆ ಸಣ್ಣದೇನಲ್ಲ ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಚಂದ್ರಯಾನದ ಲ್ಯಾಂಡರ್ ಇಳಿಯುವ ಮುನ್ನ ಅದರ ಸಂವೇದಕಗಳು ಚಂದ್ರನ ಕುಳಿಗಳನ್ನು ಗುರುತಿಸಬಲ್ಲವೇ ಎಂದು ಪರೀಕ್ಷಿಸಬೇಕಾಗಿತ್ತು. ಇಸ್ರೊ ಆ ಕುಳಿಗಳನ್ನು ತೋಡಿಸಿದ್ದು ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಎಂಬುದು ನಿಮಗೆಲ್ಲ ಗೊತ್ತು. ಮೊದಲ ಸಲ ತೋಡಿದವು ಮಳೆಗಾಳಿಗೆ ಮುಚ್ಚಿಹೋದ ಮೇಲೆ, ಚಂದ್ರಯಾನ-3ಕ್ಕಾಗಿ 2020ರಲ್ಲಿ ಮತ್ತೆ ಟೆಂಡರ್ ಕರೆದರು: ಸುಮಾರು 10 ಮೀಟರ್ ವ್ಯಾಸ, 3 ಮೀಟರ್ ಆಳದ ಕುಳಿಗಳು, ಅಂದಾಜು ವೆಚ್ಚ 24 ಲಕ್ಷ ರೂಪಾಯಿಯ ಆಸುಪಾಸು. ಚಂದ್ರನನ್ನು ಸಿವಿಲ್ ಕಾಮಗಾರಿಯಾಗಿ ಗುತ್ತಿಗೆಗೆ ಕೊಟ್ಟ ಜಿಲ್ಲೆ ನಮ್ಮದು. ಒಂದೊಂದು ಕೆಲಸಕ್ಕೂ ಐಟಂ ಸಂಖ್ಯೆ ಮತ್ತು ದರ ಬರೆದಿಟ್ಟ ನಮ್ಮ ಸರಕಾರಿ ದರಪಟ್ಟಿಯಲ್ಲಿ ‘ಚಂದ್ರಕುಳಿ ತೋಡುವುದು’ ಎಂಬ ಐಟಂ ಇಲ್ಲದಿರುವುದರಿಂದ, ಇದೇ ಕೆಲಸ ನಮ್ಮ ಇಲಾಖೆಗಳಿಗೆ ಬಂದಿದ್ದರೆ ಕಡತ ಯಾವ ಮೇಜಿನ ಮೇಲೆ ನಿಂತಿರುತ್ತಿತ್ತು ಎಂಬುದನ್ನು ನಾನು ಹೇಳಬೇಕಾಗಿಲ್ಲ. ನೀವು ನಗುತ್ತಿದ್ದೀರಿ, ಆದರೆ ಈ ದರಪಟ್ಟಿಯ ಮಾತು ನನ್ನ ವಾದದ ತಿರುಳು, ಮತ್ತೆ ಮತ್ತೆ ಬರುತ್ತದೆ.

ಈಗ ನನಗೆ ಪ್ರಿಯವಾದ ಕಥೆಯೊಂದನ್ನು ಹೇಳುತ್ತೇನೆ. ಇದನ್ನು ಮೊದಲೇ ಕೇಳಿದವರು ಸಭೆಯಲ್ಲಿ ಕೆಲವರಿದ್ದಾರೆ, ಕ್ಷಮಿಸಬೇಕು. 1962ರಲ್ಲಿ ನಾಸಾದವರ ಮುಂದೆ ಒಂದು ವಿಚಿತ್ರವಾದ ಸಾಗಣೆಯ ಸಮಸ್ಯೆಯಿತ್ತು. 110 ಮೀಟರ್ ಎತ್ತರದ ಸ್ಯಾಟರ್ನ್-5 ರಾಕೆಟನ್ನು ಕಟ್ಟಡದೊಳಗೆ ನೆಟ್ಟಗೆ ನಿಲ್ಲಿಸಿ ಜೋಡಿಸಿ, ಅದರ ಗೋಪುರದ ಸಮೇತ ಐದಾರು ಕಿಲೋಮೀಟರ್ ದೂರದ ಉಡಾವಣಾ ಕಟ್ಟೆಗೆ ಒಯ್ಯಬೇಕು. ಕಾಲುವೆ ತೋಡಿ ದೋಣಿಯ ಮೇಲೆ ತೇಲಿಸುವ ಆಲೋಚನೆ ಮೊದಲು ಬಂತು. ಅಷ್ಟೆತ್ತರದ ಹೊರೆ ಗಾಳಿಗೆ ತೊನೆಯುತ್ತದೆ, ದೋಣಿಯನ್ನು ನಂಬುವಂತಿಲ್ಲ ಎಂದು ಪರೀಕ್ಷೆಗಳು ತೋರಿಸಿದವು. ರೈಲುಹಳಿಯ ಲೆಕ್ಕವನ್ನೂ ಹಾಕಿದರು. ಕಡೆಗೆ ಉತ್ತರ ಸಿಕ್ಕಿದ್ದು ಕೆಂಟಕಿಯ ಕಲ್ಲಿದ್ದಲು ಗಣಿಯಲ್ಲಿ. ಮೇಲ್ಮಣ್ಣನ್ನು ತೆಗೆಯುವ ದೈತ್ಯ ಷವಲ್ ಯಂತ್ರಗಳು ಅಲ್ಲಿ ಅಂಕುಡೊಂಕಾದ ನೆಲದ ಮೇಲೆ ತೆವಳುತ್ತಲೇ ತಮ್ಮ ಮೈಯನ್ನು ಮಟ್ಟವಾಗಿ ಹಿಡಿದುಕೊಳ್ಳುತ್ತಿದ್ದವು. ಅದನ್ನು ಕಣ್ಣಾರೆ ಕಂಡ ರಾಕೆಟ್ ಎಂಜಿನಿಯರುಗಳು ನಮಗೆ ಬೇಕಾದದ್ದು ಇದೇ ಎಂದರು. ಓಹಾಯೊದ ಮೇರಿಯನ್ ಪವರ್ ಷವಲ್ ಎಂಬ ಗಣಿಯಂತ್ರದ ಕಂಪನಿಗೆ ಗುತ್ತಿಗೆ ಹೋಯಿತು.

ಹಾಗೆ ಹುಟ್ಟಿದ ಯಂತ್ರದ ತೂಕವೇ ಸುಮಾರು 2,700 ಟನ್. ಅದಕ್ಕೆ ಎಂಟು ಸರಪಳಿಚಕ್ರಗಳು, ಒಂದೊಂದು ಸರಪಳಿಗೆ 57 ಪಾದಗಳು, ಒಂದೊಂದು ಪಾದವೂ ಹೆಚ್ಚುಕಡಿಮೆ ಒಂದು ಟನ್. ರಾಕೆಟ್ಟು ಗೋಪುರಗಳೂ ಸೇರಿದರೆ ನೆಲಕ್ಕೆ ಬೀಳುವ ಭಾರ ಸುಮಾರು 8,000 ಟನ್. ವೇಗ ಗಂಟೆಗೆ 1.6 ಕಿಲೋಮೀಟರ್. ಉಡಾವಣಾ ಕಟ್ಟೆಯ ಬಳಿ ನೂರಕ್ಕೆ ಐದರ ಏರು ಇದೆ. ಆ ಏರನ್ನು ಹತ್ತುವಾಗಲೂ ಜಾಕ್‌ಗಳು ಮೇಲಿನ ವೇದಿಕೆಯನ್ನು ಮಟ್ಟ ಕದಲದಂತೆ ಹಿಡಿಯುತ್ತವೆ.

ಇನ್ನು, ಆ ಯಂತ್ರ ನಡೆಯುವ ರಸ್ತೆ. ಟಾರು, ಕಾಂಕ್ರೀಟು ಯಾವುದೂ ಇಲ್ಲದ ರಸ್ತೆ ಅದು. ಕೆಳಗೆ ಸುಮಾರು ಎರಡು ಮೀಟರ್ ದಪ್ಪಕ್ಕೆ ಪದರ ಪದರವಾಗಿ ಗಟ್ಟಿಸಿದ ತಳಪಾಯ, ಮೇಲೆ ಅಲಬಾಮದಿಂದ ತರಿಸಿದ ನುಣುಪಾದ ಹೊಳೆಗಲ್ಲು. ಸರಪಳಿಯ ಪಾದ ತಿರುಗುವಾಗ ಉಜ್ಜಾಟ ಕಡಿಮೆಯಾಗಬೇಕು, ಕಿಡಿ ಹಾರಬಾರದು ಎಂದು ಆ ಕಲ್ಲು. ಎಂ.ಬಿ., ಅಂದರೆ ಕಾಮಗಾರಿಯ ಅಳತೆ ಪುಸ್ತಕ, ಬರೆದ ಅನುಭವವಿರುವ ನಿಮ್ಮಲ್ಲಿ ಯಾರೇ ಆದರೂ ಆ ರಸ್ತೆಯ ಅಡ್ಡಸೀಳಿನ ನಕ್ಷೆಯನ್ನು ಎರಡು ನಿಮಿಷದಲ್ಲಿ ಓದಿಬಿಡುತ್ತೀರಿ. ಅಪೊಲೊ ಹೋದದ್ದು ಅದರ ಮೇಲೆ, ಷಟಲ್‌ಗಳು ಹೋದದ್ದು ಅದರ ಮೇಲೆ, 2022ರ ನವೆಂಬರಿನಲ್ಲಿ ಹಾರಿದ ಆರ್ಟೆಮಿಸ್ ಹೋದದ್ದೂ ಅದರ ಮೇಲೆಯೇ. ರಾಕೆಟ್ಟುಗಳು ಮೂರು ತಲೆಮಾರು ಬದಲಾದವು; ರಸ್ತೆಗೆ ಬೇಕಾದದ್ದು ದುರಸ್ತಿ ಮತ್ತು ಹೊಸ ಜಲ್ಲಿ ಮಾತ್ರ.

ನೆಲವನ್ನು ಹಗುರವಾಗಿ ಕಂಡವರಿಗೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನಗಳಿವೆ. 2008ರ ಮೇ 31ರಂದು ಡಿಸ್ಕವರಿ ಷಟಲ್ ಮೇಲೇರಿದಾಗ, ಬೆಂಕಿಯನ್ನು ಹೊರಕ್ಕೆ ತಿರುಗಿಸುವ ಕಂದಕದ ಗೋಡೆಯಿಂದ ಸಾವಿರಾರು ಶಾಖನಿರೋಧಕ ಇಟ್ಟಿಗೆಗಳು ಕಿತ್ತು ಹಾರಿದವು. ಅಪೊಲೊ ಕಾಲದ ಗೋಡೆ. ಇಟ್ಟಿಗೆಗೂ ಹಿಂದಿನ ಕಾಂಕ್ರೀಟಿಗೂ ಇದ್ದ ಹಿಡಿತ ಸಡಿಲಗೊಂಡಿತ್ತು. ಉಕ್ಕಿನ ಜಾಲರಿ ಬಿಗಿದು, ಶಾಖ ತಡೆಯುವ ಕಾಂಕ್ರೀಟನ್ನು ಎರಚಿ ಸರಿಪಡಿಸಿದರು. ನಮ್ಮ ಭಾಷೆಯಲ್ಲಿ ಗನೈಟಿಂಗ್. 2023ರ ಏಪ್ರಿಲ್ 20ರಂದು ಟೆಕ್ಸಾಸಿನಲ್ಲಿ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಷಿಪ್ ಮೊದಲ ಸಲ ಹಾರಿದಾಗಲಂತೂ ಅಲ್ಲಿ ಕಂದಕವೇ ಇರಲಿಲ್ಲ. ಮೂವತ್ತಮೂರು ಎಂಜಿನ್ನುಗಳಿರುವ ರಾಕೆಟ್ಟನ್ನು ಚಪ್ಪಟೆ ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಒಂದು ಉಡಾವಣೆಯನ್ನು ಅದು ತಾಳಿಕೊಂಡೀತು ಎಂದು ನಂಬಿದ್ದರು. ಕಾಂಕ್ರೀಟು ಬುಡಸಮೇತ ಎದ್ದು, ಕೆಳಗಿನ ಮಣ್ಣಿನವರೆಗೆ ಗುಂಡಿ ಬಿತ್ತು. ತುಂಡುಗಳು ನೂರಾರು ಮೀಟರ್ ದೂರಕ್ಕೆ ಸಿಡಿದವು, ಹತ್ತು ಕಿಲೋಮೀಟರ್ ಆಚೆಯ ಊರಿನ ಮೇಲೆ ಮರಳುಧೂಳು ಉದುರಿತು. ಅದೇ ವರ್ಷದ ನವೆಂಬರಿನ ಎರಡನೆಯ ಹಾರಾಟದ ಹೊತ್ತಿಗೆ ನೀರು ಚಿಮ್ಮಿ ತಂಪಾಗುವ ಉಕ್ಕಿನ ತಟ್ಟೆ ಅಲ್ಲಿ ಕೂತಿತ್ತು, ಕಟ್ಟೆ ಉಳಿಯಿತು. ಶಾಖನಿರೋಧಕ ಕಾಂಕ್ರೀಟಿಗೆ ಕುಲುಮೆಗಳಲ್ಲಿ ಕೂಡ ಸಿಗದಂಥ ಪರೀಕ್ಷೆ ರಾಕೆಟ್ಟಿನ ಕೆಳಗೆ ಸಿಗುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಇದುವರೆಗೆ ನಮ್ಮ ಜಮೆಯ ಪಟ್ಟಿಯಾಯಿತು; ನಾವು ತೆಗೆದುಕೊಂಡದ್ದನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಇಲ್ಲಿರುವ ತರುಣ ವಿನ್ಯಾಸಕಾರರೆಲ್ಲ ಕಟ್ಟಡದ ಬಲದ ಲೆಕ್ಕ ಹಾಕುವ ಇಟ್ಯಾಬ್ಸ್ ಬಳಸುವವರೇ. ಆ ತಂತ್ರಾಂಶದ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಿವಿಲ್ ಪ್ರಾಧ್ಯಾಪಕ ರೇ ಕ್ಲಫ್ ಸಿಗುತ್ತಾರೆ. ಐವತ್ತರ ದಶಕದ ಆರಂಭದಲ್ಲಿ ಬೇಸಿಗೆ ರಜೆಯ ಕೆಲಸಕ್ಕೆಂದು ಬೋಯಿಂಗ್ ಕಂಪನಿಗೆ ಹೋದ ಅವರು, ತ್ರಿಕೋನಾಕಾರದ ವಿಮಾನರೆಕ್ಕೆ ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕುವ ತಂಡದಲ್ಲಿ ಸೇರಿದರು. ರೆಕ್ಕೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಭಾವಿಸಿ, ಒಂದೊಂದರ ಬಿಗುವನ್ನೂ ಕೂಡಿಸಿ ಇಡೀ ರೆಕ್ಕೆಯ ವರ್ತನೆಯನ್ನು ಪಡೆಯುವ ಆ ವಿಧಾನದ ಪ್ರಬಂಧ 1956ರಲ್ಲಿ ಹೊರಬಂತು. 1960ರಲ್ಲಿ ಕ್ಲಫ್ ಅದಕ್ಕೆ ‘ಫೈನೈಟ್ ಎಲಿಮೆಂಟ್’ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಅವರು ಅದನ್ನು ಪ್ರಯೋಗಿಸಿದ್ದು ಎಲ್ಲಿ ಬಲ್ಲಿರಾ? ಅರ್ಕನ್ಸಾದಲ್ಲಿ ಬಿರುಕುಬಿಟ್ಟಿದ್ದ ನಾರ್‌ಫೋರ್ಕ್ ಎಂಬ ಕಾಂಕ್ರೀಟು ಅಣೆಕಟ್ಟಿನ ಮೇಲೆ. ಆ ಲೆಕ್ಕದಲ್ಲಿ ಜೊತೆಗಿದ್ದ ಶಿಷ್ಯ ಎಡ್ವರ್ಡ್ ವಿಲ್ಸನ್ ಮುಂದೆ ಏರೋಜೆಟ್ ಎಂಬ ರಾಕೆಟ್ ಕಂಪನಿಯಲ್ಲಿ ಎರಡು ವರ್ಷ ದುಡಿದು, ಮತ್ತೆ ಬರ್ಕ್ಲಿಗೆ ಬಂದು ಸ್ಯಾಪ್ ಎಂಬ ತಂತ್ರಾಂಶ ಬರೆದರು. ಇಟ್ಯಾಬ್ಸ್ ಅದೇ ಮನೆತನದ ಕೂಸು. ಅದೇ ದಶಕದಲ್ಲಿ ನಾಸಾ ತನ್ನ ರಚನೆಗಳಿಗಾಗಿ ನಾಸ್ಟ್ರಾನ್ ಎಂಬ ತಂತ್ರಾಂಶವನ್ನು ಬರೆಯಿಸಿ, ಎಪ್ಪತ್ತರ ಆರಂಭದಲ್ಲಿ ಅದನ್ನು ಸಾರ್ವಜನಿಕರಿಗೂ ಬಿಟ್ಟುಕೊಟ್ಟಿತು. ರೆಕ್ಕೆಯಿಂದ ಅಣೆಕಟ್ಟಿಗೆ, ಅಣೆಕಟ್ಟಿನಿಂದ ರಾಕೆಟ್ಟಿಗೆ, ರಾಕೆಟ್ಟಿನಿಂದ ಬಹುಮಹಡಿ ಕಟ್ಟಡಕ್ಕೆ. ಇದರಲ್ಲಿ ಯಾರು ಯಾರಿಗೆ ಕೊಡುಗೆ ಕೊಟ್ಟರೆಂದು ಬರೆಯುವುದು? ಅದೇ ಜನ ಬೇರೆ ಬೇರೆ ಬಾಗಿಲುಗಳಲ್ಲಿ ಓಡಾಡಿದ್ದಾರೆ, ಅಷ್ಟೆ.

ಹಾಗಾದರೆ ದಾಟಬೇಕಾದದ್ದು ಯಾವಾಗ ದಾಟುತ್ತದೆ, ಯಾವಾಗ ನಿಂತುಬಿಡುತ್ತದೆ? ದರಪಟ್ಟಿಗೆ ಮರಳೋಣ. ರಾಕೆಟ್ಟಿನವರು ಕೆಲಸ ಕೊಡುವಾಗ ಒಂದು ವಸ್ತು ಏನು ಮಾಡಬೇಕು ಎಂದು ಬರೆಯುತ್ತಾರೆ: ಇಷ್ಟು ಶಾಖ ತಡೆಯಲಿ, ಇಷ್ಟು ಅದುರನ್ನು ನುಂಗಲಿ. ನಾವು ಅದು ಯಾವುದರಿಂದ ಆಗಿರಬೇಕು, ಎಷ್ಟು ದಪ್ಪವಿರಬೇಕು, ಸಿಮೆಂಟು ಎಷ್ಟು ಮೂಟೆ ಎಂದು ಬರೆಯುತ್ತೇವೆ. ಹಾಗೆ ಬರೆದ ಮೇಲೆ ಗುತ್ತಿಗೆದಾರ ಹೊಸದನ್ನು ಯಾಕೆ ತರಬೇಕು? ತಂದರೆ ಬಿಲ್ ಪಾಸಾಗದು, ಆಡಿಟ್ ಆಕ್ಷೇಪಣೆ ಬರುತ್ತದೆ. ಅವನನ್ನು ದೂರುವುದು ಅನ್ಯಾಯ.

ಲಂಡನ್ನಿನ ಮಿಲೇನಿಯಂ ಕಾಲ್ಸೇತುವೆಯನ್ನು ನೋಡಿ. 2000ದ ಜೂನ್ 10ರಂದು ತೆರೆದಾಗ ಜನಸಂದಣಿಯ ನಡಿಗೆಗೆ ಅದು ಪಕ್ಕಕ್ಕೆ ತೂಗಾಡತೊಡಗಿತು. ಜನ ಹೆಜ್ಜೆಯನ್ನು ತೂಗಿಗೆ ಹೊಂದಿಸಿಕೊಂಡಷ್ಟೂ ತೂಗು ಹೆಚ್ಚಾಯಿತು. ಎರಡೇ ದಿನದಲ್ಲಿ ಮುಚ್ಚಿದರು. ಅದನ್ನು ಹಿಡಿದು ನಿಲ್ಲಿಸಿದ ಉಪಾಯಗಳಲ್ಲಿ ಮುಖ್ಯವಾದವು 37 ದ್ರವಡ್ಯಾಂಪರ್‌ಗಳು. ಬೈಕಿನ ಷಾಕ್ ಅಬ್ಸಾರ್ಬರಿನ ದೊಡ್ಡಣ್ಣ ಎನ್ನಿ. ಒಳಗಿನ ದ್ರವವನ್ನು ಸಣ್ಣ ರಂಧ್ರದಲ್ಲಿ ನುಗ್ಗಿಸಿ, ಚಲನೆಯನ್ನು ಶಾಖವಾಗಿ ಕರಗಿಸುತ್ತದೆ. ಅವುಗಳನ್ನು ತಯಾರಿಸಿದ ಟೇಲರ್ ಡಿವೈಸಸ್ ಕಂಪನಿ, ಅಪೊಲೊ ಕಾಲದಲ್ಲಿ ಉಡಾವಣಾ ಗೋಪುರದ ತೋಳುಗಳು ರಾಕೆಟ್ಟಿನಿಂದ ಸರಕ್ಕನೆ ಹಿಂದೆ ಸರಿಯುವಾಗ ಅವುಗಳ ಹೊಡೆತವನ್ನು ತಾಳುವ ಡ್ಯಾಂಪರ್‌ಗಳನ್ನು ಮಾಡಿದ್ದ ಕಂಪನಿಯೇ. ಅದು ಸೇತುವೆಗೆ ಬಂದದ್ದು ಹೇಗೆ? ‘ತೂಗು ನಿಲ್ಲಬೇಕು’ ಎಂಬ ಒಂದೇ ಷರತ್ತು ಎದುರಿಗೆ ಇದ್ದುದರಿಂದ. 2002ರ ಫೆಬ್ರುವರಿಯಲ್ಲಿ ಸೇತುವೆ ಮತ್ತೆ ತೆರೆಯಿತು.

ನಮ್ಮಲ್ಲೂ ಷರತ್ತು ಗಟ್ಟಿಯಾದಾಗ ಏನು ನಡೆಯಬಹುದೆಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಟ್ಟಿಗೆ ಸಾಕ್ಷಿ. ಚಂದ್ರನಲ್ಲಿ ಕಟ್ಟಬೇಕೆಂದರೆ ಇಲ್ಲಿಂದ ಸಿಮೆಂಟು ಒಯ್ಯುವ ಮಾತಿಲ್ಲ. ಒಂದು ಪೌಂಡ್ ಸಾಮಾನು ಕಳಿಸಲು ಏಳೂವರೆ ಲಕ್ಷ ರೂಪಾಯಿ ಎಂದು ಆಗ ಅವರು ಹೇಳಿದ್ದ ಲೆಕ್ಕ. ಆದ್ದರಿಂದ ಅಲ್ಲಿನ ಮಣ್ಣನ್ನೇ ಗಟ್ಟಿ ಮಾಡಬೇಕು. ಇಸ್ರೊ ಜೊತೆ ಸೇರಿ 2020ರಲ್ಲಿ ಅವರು ತೋರಿಸಿದ್ದು ಇದು: ಚಂದ್ರಮಣ್ಣಿನ ನಕಲಿಗೆ ಸ್ಪೊರೊಸಾರ್ಸಿನಾ ಪಾಶ್ಚುರಿ ಎಂಬ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಕ್ಯಾಲ್ಸಿಯಂ ಸೇರಿಸಿದರೆ, ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆಯುತ್ತದೆ, ಕಣಗಳ ನಡುವೆ ಸುಣ್ಣದ ಹರಳು ಬೆಳೆಯುತ್ತದೆ. ಅದಕ್ಕೆ ಗೋರಿಕಾಯಿ ಬೀಜದ ಅಂಟನ್ನು ಕೂಡಿಸಿದಾಗ ಇಟ್ಟಿಗೆಯ ಬಲ ಹೆಚ್ಚಿತು. ಹೌದು, ನೀವು ಪಲ್ಯ ಮಾಡುವ ಅದೇ ಗೋರಿಕಾಯಿ. ಸುಡಬೇಕಿಲ್ಲ, ಸಿಮೆಂಟು ಬೇಕಿಲ್ಲ. ಮುಂದೆ ಅದೇ ತಂಡ, ಚಂದ್ರಮಣ್ಣಿನ ನಕಲನ್ನು ಸುಟ್ಟು ಮಾಡುವ ಇನ್ನೊಂದು ಬಗೆಯ ಇಟ್ಟಿಗೆಯಲ್ಲಿ ಬಿರುಕು ಬಿಟ್ಟರೆ ಅದನ್ನು ಬ್ಯಾಕ್ಟೀರಿಯಾ ಬೆರೆಸಿದ ರಾಡಿಯಿಂದ ಮುಚ್ಚುವುದನ್ನೂ ತೋರಿಸಿತು. ಈ ಬ್ಯಾಕ್ಟೀರಿಯಾದ ಕೌಶಲ ಭೂತಂತ್ರಜ್ಞರಿಗೆ ಮೊದಲೇ ಗೊತ್ತಿತ್ತು: ಸಡಿಲ ಮರಳನ್ನು ಗಟ್ಟಿಮಾಡಲು, ಕಾಂಕ್ರೀಟಿನ ಬಿರುಕು ತುಂಬಲು ಅದನ್ನು ಅವರು ಪ್ರಯೋಗಿಸುತ್ತಿದ್ದರು. ನೆಲದಿಂದ ಮೇಲೆ ಹೋದ ವಿದ್ಯೆ ಈಗ ಮತ್ತೆ ಕೆಳಗಿಳಿಯಲು ಸಿದ್ಧವಾಗಿದೆ. ಪ್ರಪಂಚದ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು ಎನ್ನುವಾಗ ಅದು ಇಳಿಯಬೇಕಾದ ಜಾಗ ಖಾಲಿಯೇ ಇದೆ. ಆದರೆ ಅದಕ್ಕೆ ಐಟಂ ಸಂಖ್ಯೆ ಇಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸನ್ಮಾನ ಬಾಕಿಯಿದೆ, ಊಟದ ಪರಿಮಳವೂ ಬರುತ್ತಿದೆ. ನಾನು ಬರೆದುಕೊಂಡು ಬಂದ ಹಾಳೆಗಳಲ್ಲಿ ಅರ್ಧವನ್ನು ಬಿಡಬೇಕಾಗಿದೆ. 1986ರಲ್ಲಿ ಅಮೆರಿಕದ ಸಿಮೆಂಟು ಉದ್ಯಮದ ಪ್ರಯೋಗಾಲಯಕ್ಕೆ ನಾಸಾ ಕೊಟ್ಟ 40 ಗ್ರಾಂ ಅಸಲಿ ಚಂದ್ರಮಣ್ಣಿನಿಂದ ಟಿ.ಡಿ. ಲಿನ್ ಕಾಂಕ್ರೀಟು ಮಾಡಿದ ಕಥೆಯನ್ನು ಬಿಡುತ್ತೇನೆ. ಅಂತರಿಕ್ಷ ನಿಲ್ದಾಣದಲ್ಲಿ ಸಿಮೆಂಟು ಕಲಸಿದಾಗ ಕಣಗಳು ತಳಕ್ಕೆ ಕೂರದೆ, ರಂಧ್ರಗಳು ಹೆಚ್ಚಾದ ಪ್ರಯೋಗವನ್ನೂ ಬಿಡುತ್ತೇನೆ. ಮನೆ ಮುದ್ರಿಸುವ ಯಂತ್ರದ ಬಗ್ಗೆ ಒಂದೇ ಮಾತು: ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟಿನಲ್ಲಿ ಎಲ್ ಆ್ಯಂಡ್ ಟಿ ಮುದ್ರಿಸಿದ 1,021 ಚದರಡಿಯ ಅಂಚೆ ಕಚೇರಿ 2023ರ ಆಗಸ್ಟ್ 18ರಂದು ಉದ್ಘಾಟನೆಯಾಯಿತು, ವಿಕ್ರಮ್ ಚಂದ್ರನ ಮೇಲಿಳಿದದ್ದು 23ರಂದು. ಮಂಗಳನ ಮನೆಯ ಅಭ್ಯಾಸಕ್ಕೆಂದು ಹ್ಯೂಸ್ಟನ್ನಿನಲ್ಲಿ ಇದೇ ಬಗೆಯಲ್ಲಿ ಮುದ್ರಿಸಿದ ನಿವಾಸದೊಳಗೆ ಆಗ ನಾಲ್ವರು ವಾಸವಾಗಿದ್ದರು. ಅವರು ಹೊರಬಂದದ್ದು 378 ದಿನಗಳ ಮೇಲೆ.

ಕಡೆಯದಾಗಿ, ವಿದ್ಯಾರ್ಥಿಗಳಿಗೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ 12 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ರಡಾರ್ ಹಾಯಿಸುತ್ತದೆ; ನೆಲದ ಸೆಂಟಿಮೀಟರ್ ಮಟ್ಟದ ಕುಸಿತವನ್ನೂ ಅದು ಗುರುತಿಸಬಲ್ಲದು. ಉತ್ತರಾಖಂಡದ ಜೋಶಿಮಠದಲ್ಲಿ 12 ದಿನಕ್ಕೆ 5.4 ಸೆಂಟಿಮೀಟರ್ ಕುಸಿದದ್ದನ್ನು 2023ರಲ್ಲಿ ಹೇಳಿದ್ದು ಉಪಗ್ರಹದ ಚಿತ್ರಗಳೇ. ನಿಸಾರ್‌ನ ಮಾಹಿತಿ ಉಚಿತ. ನಮ್ಮ ಪಕ್ಕದಲ್ಲೇ 1907ರಲ್ಲಿ ಮುಗಿದ ಮಾರಿಕಣಿವೆಯ ಕಲ್ಲಿನ ಅಣೆಕಟ್ಟಿದೆ, 2022ರಲ್ಲಿ 89 ವರ್ಷಗಳ ಬಳಿಕ ಅದರ ಕೋಡಿ ಬಿದ್ದದ್ದನ್ನು ನೀವು ನೋಡಿದ್ದೀರಿ. ಜಲಾಶಯ ತುಂಬಿದಾಗ ಮತ್ತು ಇಳಿದಾಗ ಕಟ್ಟೆಯ ನೆತ್ತಿ ಎಷ್ಟು ಸರಿಯುತ್ತದೆ ಎಂಬುದನ್ನು ರಡಾರ್ ಮಾಹಿತಿಯಿಂದ ಲೆಕ್ಕ ಹಾಕಿ, ಇಲಾಖೆಯ ಅಳತೆಯ ಜೊತೆ ತಾಳೆ ನೋಡುವುದು ಅಂತಿಮ ವರ್ಷದ ಪ್ರಾಜೆಕ್ಟಿಗೆ ಒಳ್ಳೆಯ ವಿಷಯ. ರಡಾರ್ ಓರೆಯಾಗಿ ನೋಡುವುದರಿಂದ ಎಲ್ಲ ದಿಕ್ಕಿನ ಚಲನೆಯೂ ಒಂದೇ ಸಲಕ್ಕೆ ಸಿಗದು, ಅದನ್ನು ಬಿಡಿಸಿಕೊಳ್ಳುವುದೇ ಅದರಲ್ಲಿನ ಕಷ್ಟ. ಮಾಹಿತಿ ಇಳಿಸಿಕೊಳ್ಳುವ ಬಗೆಯನ್ನು ಊಟದ ನಂತರ ತೋರಿಸುತ್ತೇನೆ. ಲ್ಯಾಪ್‌ಟಾಪ್ ತಂದವರು ಮುಂದಿನ ಸಾಲಿಗೆ ಬನ್ನಿ.