ಒಬ್ಬರೇ ಮೀನು ಹಿಡಿಯಲು ಹೋಗುವವರ ಲೈಫ್ ಜಾಕೆಟ್

ಕೇಳುಗರಿಗೆ ನಮಸ್ಕಾರ.

ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಹರಿಯತೊಡಗಿದ ಮೇಲೆ, ವರ್ಷಗಟ್ಟಲೆ ಬಣಗುಟ್ಟುತ್ತಿದ್ದ ಅಂಗಳಗಳಲ್ಲಿ ಮತ್ತೆ ಕಾಟ್ಲಾ, ರೋಹು, ಜಿಲೇಬಿ ಮೀನುಗಳು ಕಾಣಿಸಿಕೊಂಡಿವೆ. ಅವುಗಳ ಹಿಂದೆಯೇ ಗಾಳ, ಬಲೆ, ತೆಪ್ಪಗಳೂ ಬಂದಿವೆ. ಆದರೆ ಕೆರೆ ಒಣಗಿದ್ದ ಕಾಲದಲ್ಲಿ ಇಟ್ಟಿಗೆಯ ಮಣ್ಣಿಗೆಂದೂ ಮರಳಿಗೆಂದೂ ತೋಡಿದ ಗುಂಡಿಗಳು ಈಗ ನೀರಿನಡಿ ಮರೆಯಾಗಿರುವುದರಿಂದ, ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರ ಮುಂದಿನ ಹೆಜ್ಜೆ ಎರಡಾಳು ಆಳಕ್ಕೆ ಬೀಳಬಹುದು. ಜೊತೆಗೊಬ್ಬರಿದ್ದರೆ ಹಗ್ಗ ಎಸೆದಾರು, ಕೂಗಿ ಜನ ಸೇರಿಸಿಯಾರು. ನಸುಕಿನಲ್ಲಿ ಒಬ್ಬರೇ ತೆಪ್ಪ ತಳ್ಳುವವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಅಂಥವರು ಜಾಕೆಟ್ ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕೈಕಾಲು ಆಡದ ಸ್ಥಿತಿಯಲ್ಲೂ ಇದು ನನ್ನ ಮೂಗು, ಬಾಯಿಗಳನ್ನು ನೀರಿನ ಮೇಲೆ ಇಡುತ್ತದೆಯೇ?

ಲಾರಿಯ ಟ್ಯೂಬು, ಥರ್ಮೋಕೋಲ್ ಹಲಗೆಗಳು ಈ ಪ್ರಶ್ನೆಗೆ ಉತ್ತರವಾಗಲಾರವು. ಅವು ಹಿಡಿದುಕೊಂಡವರನ್ನು ಮಾತ್ರ ತೇಲಿಸುತ್ತವೆ. ಕೈ ಜಾರಿತೆಂದರೆ ಗಾಳಿ ಬೀಸಿದ ಕಡೆಗೆ ಹೋಗಿಬಿಡುತ್ತವೆ.

ಒಳ್ಳೆಯ ಜಾಕೆಟ್ಟಿನ ಒಳಗಿನ ಚೀಟಿಯಲ್ಲಿ 50, 100, 150 ಎಂಬಂಥ ಸಂಖ್ಯೆಯೊಂದು ಇರುತ್ತದೆ. ಅದು ತೇಲಿಸುವ ಬಲವನ್ನು ನ್ಯೂಟನ್ ಲೆಕ್ಕದಲ್ಲಿ ಹೇಳುತ್ತದೆ. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ. ದೇಹ ತಾನೇ ಬಹುಪಾಲು ತೇಲುವುದರಿಂದ ದೊಡ್ಡವರ ತಲೆಯನ್ನು ಮೇಲಿಡಲು ಮೂರರಿಂದ ಐದು ಕಿಲೋದಷ್ಟು ಹೆಚ್ಚುವರಿ ಬಲ ಸಾಕು. ಹಾಗಾದರೆ 50ರದ್ದೇ ಸಾಲದೇ ಎಂದು ಕೇಳಬಹುದು. ಅದು ಈಜು ಬಲ್ಲವರಿಗೆ, ನೆರವು ಹತ್ತಿರದಲ್ಲೇ ಇರುವ ಕಡೆಗೆ ಎಂದು ಮಾಡಿದ್ದು. ಬೋರಲಾಗಿ ಬಿದ್ದವರನ್ನು ಅಂಗಾತ ತಿರುಗಿಸುವ ಭರವಸೆಯನ್ನು ಅದು ಕೊಡುವುದಿಲ್ಲ. ಒಂಟಿಯಾಗಿ ಹೋಗುವವರು 100ಕ್ಕೆ ಕಡಿಮೆಯದನ್ನು ಕೊಳ್ಳಬಾರದು, ಕುತ್ತಿಗೆಯ ಹಿಂದೆ ಪಟ್ಟಿಯಿರುವುದನ್ನೇ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ನೀರು ತಾಗಿದೊಡನೆ ಸಣ್ಣ ಗ್ಯಾಸ್ ಸಿಲಿಂಡರಿನಿಂದ ತಾನಾಗಿ ಉಬ್ಬುವ ಜಾಕೆಟ್ಟುಗಳೂ ಇವೆ. ಹಗುರ, ಸೆಕೆಯಾಗುವುದಿಲ್ಲ, ನೋಡಲು ಚೆಂದ. ಆದರೆ ನಮ್ಮ ಕೆರೆಗಳಲ್ಲಿ ಮುಳುಗಿ ನಿಂತಿರುವ ಜಾಲಿಯ ಮುಳ್ಳಿಗೆ ಅದರ ಗಾಳಿಚೀಲ ಒಂದೇ ಏಟಿಗೆ ತೂತಾಗಬಹುದು. ಒಮ್ಮೆ ಉಬ್ಬಿದ ಮೇಲೆ ಸಿಲಿಂಡರನ್ನು ಹೊಸದಾಗಿ ತರಿಸಿ ಹಾಕಬೇಕು. ಫೋಮಿನ ಜಾಕೆಟ್ಟಿಗೆ ಮುಳ್ಳು ಚುಚ್ಚಿದರೂ ಅದು ತೇಲುತ್ತಲೇ ಇರುತ್ತದೆ.

ಕೆನಡಾ, ಫಿನ್‌ಲ್ಯಾಂಡಿನಂಥ ಕಡೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಕುಳಿತು, ತೂತು ಕೊರೆದು ಗಾಳ ಹಾಕುವವರಲ್ಲಿ ಅನೇಕರು ಫೋಮ್ ಸೇರಿಸಿ ಹೊಲಿದ ಕೋಟನ್ನೇ ತೊಟ್ಟಿರುತ್ತಾರೆ. ಮಂಜುಗಡ್ಡೆ ಒಡೆದರೆ ಅಂಚಿಗೆ ಚುಚ್ಚಿ ಮೇಲೇರಲು ಮೊಳೆಯಿರುವ ಎರಡು ಹಿಡಿಗಳನ್ನು ಕೊರಳಿಗೆ ನೇತುಹಾಕಿಕೊಂಡಿರುತ್ತಾರೆ. ಆ ನೀರಿನಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೆರಳುಗಳು ಹೇಳಿದಂತೆ ಕೇಳುವುದಿಲ್ಲವಾದ್ದರಿಂದ, ಚೀಲ ತೆರೆದು ಏನನ್ನಾದರೂ ತೆಗೆಯುವ ಮಾತೇ ಇಲ್ಲ. ನಮ್ಮ ಕಡೆ ಆ ಚಳಿ ಇಲ್ಲ, ಬಿಡಿ. ಆದರೂ ತೆಪ್ಪದಲ್ಲಿ ಮಡಿಸಿಟ್ಟು ಮೇಲೆ ಕುಳಿತುಕೊಳ್ಳುವ ಜಾಕೆಟ್ ಇಲ್ಲಿಯೂ ಕೆಲಸಕ್ಕೆ ಬಾರದು. ಹಾಗೆ ಕುಳಿತು ಕುಳಿತು ಫೋಮ್ ಚಪ್ಪಟೆಯಾಗುವುದು ಬೇರೆ.

ಅಂಗಡಿಯಲ್ಲಿ ಜಾಕೆಟ್ ತೊಟ್ಟು, ಎಲ್ಲ ಬಕಲ್ಲುಗಳನ್ನೂ ಹಾಕಿಕೊಂಡು, ಭುಜದ ಪಟ್ಟಿಗಳನ್ನು ಮೇಲಕ್ಕೆ ಎತ್ತಿ ನೋಡಲು ಯಾರಿಗಾದರೂ ಹೇಳಿ. ಅದು ಕಿವಿಯವರೆಗೆ ಏರಿದರೆ ಚಿಕ್ಕ ಅಳತೆಯದನ್ನು ಕೇಳಬೇಕು. ತೊಡೆಸಂದಿನ ಪಟ್ಟಿಯಿದ್ದರೆ ಇನ್ನೂ ಒಳ್ಳೆಯದು. ಬಲೆ ಬಿಡುವವರು ಎದೆಯ ಮೇಲೆ ಜೋತಾಡುವ ಪಟ್ಟಿ, ಕೊಂಡಿಗಳಿಲ್ಲದ್ದನ್ನು ಆರಿಸಿಕೊಳ್ಳಲಿ, ಏಕೆಂದರೆ ಬಲೆಯ ಕಣ್ಣು ಸಿಕ್ಕಿಕೊಳ್ಳುವುದು ಅಲ್ಲಿಯೇ. ಬಣ್ಣ ಕಿತ್ತಳೆಯೇ ಆಗಿರಲಿ, ಕೊರಳ ಬಳಿ ಒಂದು ಸೀಟಿ ಕಟ್ಟಿರಲಿ. ಮೊದಲ ಸಲ ಬಳಸುವ ಮುನ್ನ ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ತಳ ಗೊತ್ತಿರುವ ಸೊಂಟದ ನೀರಿನಲ್ಲಿ ಕಾಲೆತ್ತಿ ಹಿಂದಕ್ಕೆ ಒರಗಿ, ಬಾಯಿ ನೀರಿನಿಂದ ಎಷ್ಟು ಮೇಲಿದೆಯೆಂದು ನೋಡಿಕೊಳ್ಳಿ. ಒದ್ದೆ ಜಾಕೆಟ್ಟನ್ನು ನೆರಳಿನಲ್ಲಿ ಒಣಗಿಸಿ. ಹೆಬ್ಬೆರಳಿನಿಂದ ಒತ್ತಿದ ಫೋಮ್ ಮತ್ತೆ ಮೇಲೇಳದಿದ್ದರೆ ಅಥವಾ ಬಟ್ಟೆ ಉಗುರಿಗೇ ಹರಿಯುವಷ್ಟು ಸವೆದಿದ್ದರೆ, ಅದನ್ನು ಬೇರೆಯವರಿಗೆ ಕೊಡದೆ, ಪಟ್ಟಿಗಳನ್ನು ಕತ್ತರಿಸಿಯೇ ಎಸೆಯಿರಿ.