ವೈರಿಂಗ್ ರಿಪೋರ್ಟಿಗೆ ಸಹಿ ಹಾಕಿದವರು ನಿಮ್ಮ ಮನೆ ನೋಡಿದ್ದಾರಾ?

ಎಲ್ಲರಿಗೂ ನಮಸ್ಕಾರ. ವಿದ್ಯುತ್ ಸುರಕ್ಷತಾ ಸಪ್ತಾಹ ಅಂತ ಬಡಾವಣೆಯ ಸಂಘದವರು ಕರೆದಿದ್ದಾರೆ. ಇಲ್ಲಿ ಕೂತವರಲ್ಲಿ ಅರ್ಧ ಜನ ಮನೆ ಕಟ್ಟಿಸುತ್ತಿದ್ದೀರಿ, ಇನ್ನರ್ಧ ಜನ ಕಟ್ಟಿಸಿ ಸುಸ್ತಾಗಿದ್ದೀರಿ. 2024ರ ಡಿಸೆಂಬರ್‌ನಲ್ಲಿ ಓಸಿ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ, ಇದ್ದರಷ್ಟೇ ಕರೆಂಟು ಕೊಡಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಎಲ್ಲರ ಬಾಯಲ್ಲೂ ಅದರದೇ ಮಾತು. ಓಸಿ ಸಿಗುತ್ತಾ, ಮೀಟರ್ ಯಾವಾಗ ಕೊಡ್ತಾರೆ? ಆ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಬೆಸ್ಕಾಂಗೆ ಇನ್ನೊಂದು ಕಾಗದವೂ ಹೋಗುತ್ತದೆ, ವೈರಿಂಗ್ ಮುಗಿದಿದೆ, ಟೆಸ್ಟ್ ಆಗಿದೆ ಅಂತ ಹೇಳುವ ವೈರಿಂಗ್ ಕಂಪ್ಲೀಷನ್ ರಿಪೋರ್ಟ್. ಅದನ್ನು ಪೂರ್ತಿ ಓದಿದವರು ಕೈ ಎತ್ತಿ ನೋಡೋಣ. ಹಿಂದೆ ಒಂದೆರಡು ಕೈ ಕಾಣಿಸುತ್ತಿವೆ. ಸಂತೋಷ.

ನನ್ನ ಪ್ರಶ್ನೆ ಒಂದೇ. ಅದಕ್ಕೆ ಸಹಿ ಹಾಕಿದವರು ನಿಮ್ಮ ಮನೆ ನೋಡಿದ್ದಾರಾ?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾದವು. ವೈರಿಂಗ್ ಯಾರು ಮಾಡಬೇಕು ಅನ್ನುವ ಮಾತು ಮಾತ್ರ 1956ರ ನಿಯಮಗಳ ಕಾಲದ್ದೇ. ಮನೆಯ ವೈರಿಂಗನ್ನು ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಿಸಬೇಕು. ಸರ್ಟಿಫಿಕೇಟ್ ಇರುವ ಸೂಪರ್‌ವೈಸರ್ ನಿಂತು ನೋಡಬೇಕು. ತಂತಿ ಎಳೆಯುವವರ ಹತ್ತಿರ ವೈರ್‌ಮನ್ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದದ್ದನ್ನು ಇದ್ದಂತೆಯೇ ಬದಲಾಯಿಸಲು ಇದು ಬೇಕಿಲ್ಲ. ಎಸಿಗೆ ಹೊಸ ಲೈನ್ ಎಳೆಯುವುದಕ್ಕೆ ಬೇಕೇ ಬೇಕು.

ಪರಿಚಯದವರ ಮನೆಯ ಕತೆ ಹೇಳುತ್ತೇನೆ. ಹೊಸ ಮನೆ, ಗೃಹಪ್ರವೇಶ ಆಗಿ ಇನ್ನೂ ವರ್ಷವಾಗಿರಲಿಲ್ಲ. ಸ್ನಾನಕ್ಕೆ ಹೋದರೆ ನಲ್ಲಿ ಮುಟ್ಟಿದಾಗ ಜುಮ್ ಅನ್ನುತ್ತದೆ ಅಂತ ಮನೆಯಾಕೆ ಹೇಳುತ್ತಿದ್ದರಂತೆ. 'ನೀರಲ್ಲಿ ಕೈ ಒದ್ದೆ ಇದ್ದರೆ ಹಾಗೇ' ಅಂತ ಗಂಡನ ಸಮಾಧಾನ. ಕೊನೆಗೆ ನನ್ನನ್ನು ಕರೆದರು. ಮೊದಲು ಮೇನ್ ಆಫ್ ಮಾಡಿ, ಗೀಸರ್ ಪಾಯಿಂಟಿನ ಬೋರ್ಡ್ ಬಿಚ್ಚಿದೆ. ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಹಸಿರು ಅರ್ತ್ ತಂತಿ ಇತ್ತು. ಅದರ ತುದಿಗೆ ಕಪ್ಪು ಟೇಪ್ ಸುತ್ತಿ, ಮಡಚಿ, ಪೆಟ್ಟಿಗೆಯ ಮೂಲೆಗೆ ತುರುಕಿದ್ದರು. ಸಾಕೆಟ್ಟಿನ ಅರ್ತ್ ಪಿನ್ನಿಗೆ ಏನೂ ಇಲ್ಲ.

ಹೊರಗೆ ಹೋಗಿ ಅರ್ತ್ ಪಿಟ್, ಅಂದರೆ ಆ ತಂತಿ ನೆಲಕ್ಕೆ ಇಳಿಯುವ ಗುಂಡಿ, ಹುಡುಕಿದೆವು. ಕಾಂಪೌಂಡಿನ ಮೂಲೆಯಲ್ಲಿ ತುಳಸಿ ಗಿಡದ ಪಕ್ಕ ಒಂದು ಪೈಪು ನಿಂತಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಎದ್ದೇ ಬಂತು! ಒಂದೂವರೆ ಅಡಿ ಇದ್ದಿರಬೇಕು. ಮನೆಯ ಯಜಮಾನರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಫೈಲ್ ತಂದರು. ರಿಪೋರ್ಟಿನಲ್ಲಿ ಅರ್ತ್ ರೆಸಿಸ್ಟೆನ್ಸ್ ದುಂಡು ಅಕ್ಷರದಲ್ಲಿ ಬರೆದಿತ್ತು, ತಂತಿಯ ಹೊದಿಕೆಯಿಂದ ಕರೆಂಟು ಸೋರುತ್ತಿದೆಯಾ ಅಂತ ನೋಡುವ ಇನ್ಸುಲೇಷನ್ ಟೆಸ್ಟ್ ಪಾಸ್ ಅಂತಿತ್ತು. ಸೀಲ್ ಇತ್ತು, ಲೈಸೆನ್ಸ್ ನಂಬರ್ ಅಸಲಿ. ಆ ಸಹಿ ಮಾಡಿದವರು ಯಾರು, ಒಂದು ದಿನವಾದರೂ ಬಂದಿದ್ದರಾ ಅಂತ ಕೇಳಿದೆ. 'ಅವರನ್ನು ನಾವು ನೋಡೇ ಇಲ್ಲ, ಮೇಸ್ತ್ರಿನೇ ಎಲ್ಲ ಮಾಡಿಸಿಕೊಟ್ಟ' ಅಂದರು.

ಅಲ್ಲಿ ಏನಾಗುತ್ತಿತ್ತು ಗೊತ್ತಾ? ಗೀಸರಿನ ಒಳಗೆ ಕಾಯಿಲಿನಿಂದ ಕರೆಂಟು ಸೋರುತ್ತಿತ್ತು. ಸೋರಿದ ಕರೆಂಟಿಗೆ ಭೂಮಿಗೆ ಇಳಿಯಲು ದಾರಿಯೇ ಇರಲಿಲ್ಲ. ದಾರಿ ಕೊಟ್ಟದ್ದು ಆಕೆಯ ಮೈ. 'ಎಂಸಿಬಿ ಇತ್ತಲ್ವಾ?' ಅಂತ ಎಲ್ಲರೂ ಕೇಳುತ್ತಾರೆ. ಎಂಸಿಬಿ ಅನ್ನುವ ಆ ಸ್ವಿಚ್ಚು ತಾನಾಗಿ ಬೀಳುವುದು ತಂತಿಯಲ್ಲಿ ಕರೆಂಟು ವಿಪರೀತ ಜಾಸ್ತಿಯಾದಾಗ. ಮನುಷ್ಯನನ್ನು ಕೊಲ್ಲಲು ಅಷ್ಟು ಬೇಕಿಲ್ಲ, ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಸಾಕು. ಅದಕ್ಕೇ ಸಣ್ಣ ಸೋರಿಕೆಗೂ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕುವುದು. ಆ ಮನೆಯಲ್ಲಿ ಅದೂ ಇರಲಿಲ್ಲ.

ವೈರ್‌ಮನ್ ಹುಡುಗರನ್ನು ನಾನು ಬೈಯುವುದಿಲ್ಲ. ಗೋಡೆ ಕೊರೆದು, ಬಿಸಿಲಲ್ಲಿ ತಂತಿ ಎಳೆದು, ಒಳ್ಳೆಯ ಕೆಲಸ ಮಾಡುವವರು ಎಷ್ಟೋ ಜನ ಇದ್ದಾರೆ. ಅವರ ತಪ್ಪನ್ನು ಹಿಡಿಯಲಿ ಅಂತಲೇ ಮೇಲೊಬ್ಬರು ಸೂಪರ್‌ವೈಸರ್. ಆ ಮೇಲಿನವರು ಬರದೇ ಸಹಿ ಮಾರಿದರೆ ಹುಡುಗ ಕಲಿಯುವುದು ಯಾರಿಂದ? ಎರಡು ಮೂರು ಸಾವಿರಕ್ಕೆ ಸಹಿ ಸಿಗುತ್ತೆ ಅಂತ ನಾವೂ ಸುಮ್ನೆ ಒಪ್ಪಿಕೊಳ್ಳುತ್ತೇವೆ. ಇಟಾಲಿಯನ್ ಮಾರ್ಬಲ್ ನೋಡಲು ಮೂರು ಊರು ಸುತ್ತುತ್ತೇವೆ. ಸಹಿ ಹಾಕಿದವರು ನಮ್ಮ ಮನೆ ನೋಡಿದ್ದಾರಾ ಅಂತ ಕೇಳಲ್ಲ!

ಸಮಯ ಆಯ್ತು ಅಂತ ಚೀಟಿ ಬಂತು. ಸೋಲಾರ್, ಯುಪಿಎಸ್ ಬಗ್ಗೆ ಹೇಳಬೇಕು ಅಂತಿದ್ದೆ, ಬಿಡುತ್ತೇನೆ. ಎಸಿ ಹಾಕಿಸಿದರೆ ಮಂಜೂರಾದ ಲೋಡ್ ಸಾಕಾ ಅಂತ ನೋಡಿಕೊಳ್ಳಿ, ಅಷ್ಟೇ.

ಮುಖ್ಯವಾದದ್ದು ಟೆಸ್ಟ್. ಗುತ್ತಿಗೆ ಮಾತಾಡುವ ದಿನವೇ ಹೇಳಿಬಿಡಿ: ಟೆಸ್ಟ್ ಮಾಡುವಾಗ ನಾನು ಪಕ್ಕದಲ್ಲಿರುತ್ತೇನೆ, ಸಹಿ ಹಾಕುವವರೂ ಇರಬೇಕು. ಇನ್ಸುಲೇಷನ್ ಅಳೆಯುವ ಮೀಟರಿಗೆ ಮೆಗ್ಗರ್ ಅಂತಾರೆ. ಮೆಗ್ಗರ್‌ನಲ್ಲಿ 500 ವೋಲ್ಟ್ ಡಿಸಿ ಒಂದು ನಿಮಿಷ ಕೊಟ್ಟಾಗ ಕನಿಷ್ಠ 1 ಮೆಗಓಮ್ ಬರಬೇಕು. ಮುಳ್ಳು ಎಲ್ಲಿ ನಿಂತಿತು ಅಂತ ನಿಮ್ಮ ಕಣ್ಣಲ್ಲೇ ನೋಡಿ, ಅದೇ ಸಂಖ್ಯೆ ರಿಪೋರ್ಟಿನಲ್ಲಿ ಬರೆಸಿ. ಪರ್ಮಿಟ್ ಅವಧಿ ಮುಗಿದಿದೆಯಾ ಅಂತ ಪುಸ್ತಕ ತೆಗೆಸಿ ನೋಡಿ. ಅನುಮಾನ ಬಂದರೆ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ವಿಚಾರಿಸಿ.

ಮೆಗ್ಗರ್ ತಂದಿದ್ದೇನೆ. ಕಾಫಿ ಕೌಂಟರ್ ಪಕ್ಕದ ಮೇಜಿನ ಮೇಲೆ ಒಂದು ಬೋರ್ಡ್ ಕೂಡ ಇಟ್ಟಿದ್ದೇನೆ, ಬನ್ನಿ, ಹಿಡಿದು ತೋರಿಸುತ್ತೇನೆ. ರಿಪೋರ್ಟ್ ಜೊತೆಯಲ್ಲಿ ತಂದವರು ಅದನ್ನೂ ತನ್ನಿ, ಕೂತು ಓದೋಣ.